ಹಚ್ಚಿದ ನರ ಮಾಯುವುದು ಹೇಗೆ, ಅಮೈನೋ ಆಮ್ಲದ ಪುಡಿ ಅಲ್ಲಿ ಏನು ಮಾಡೀತು?

ಜಮಖಂಡಿಯಲ್ಲಿ ನಮ್ಮ ಓಣಿಯ ಕಾಕಾರು ಬೆಳಗಾವಿಗೆ ಹೋಗಿ ಬೈಪಾಸ್ ಮಾಡಿಸಿಕೊಂಡು ಬಂದು ಮೂರು ವಾರವಾಗಿತ್ತು. ಮಾತಾಡಿಸಿಕೊಂಡು ಬರೋಣವೆಂದು ಹೋದೆ. ಮಂಚದ ಪಕ್ಕದ ಸ್ಟೂಲಿನ ಮೇಲೆ, ಗುಳಿಗೆಗಳ ಪ್ಲಾಸ್ಟಿಕ್ ಚೀಲವನ್ನು ಮೂಲೆಗೆ ತಳ್ಳಿ, ಒಂದು ಕರಿ ಡಬ್ಬಿ ಕೂತಿತ್ತು. ತೋಳು ಉಬ್ಬಿಸಿದ ಹುಡುಗನ ಚಿತ್ರ, ಅದರ ಕೆಳಗೆ ಅಮೈನೋ ಆಮ್ಲಗಳ ಉದ್ದ ಪಟ್ಟಿ: ಆರ್ಜಿನಿನ್, ಗ್ಲುಟಮಿನ್, ಲ್ಯೂಸಿನ್, ಇನ್ನೂ ಏನೇನೋ. ಪುಣೆಯ ಅಳಿಯ ತಂದುಕೊಟ್ಟದ್ದು.

"ಇದನ್ನ ಹಾಲಿನ್ಯಾಗ ಕಲಿಸಿ ಕುಡದ್ರ ಎದಿಗೆ ಹಚ್ಚಿದ ನರಾ ಲಗೂನ ಮಾಯತೈತಿ ಅಂದಾನ್ರಿ ಸರ. ನೀವು ಕೆಮಿಸ್ಟ್ರಿ ಕಲಿಸಿದವ್ರು, ಖರೇ ಏನ್ ಹೇಳ್ರಿ."

ಮೂವತ್ತು ವರ್ಷ ಪಿಯು ಹುಡುಗರಿಗೆ ಕೆಮಿಸ್ಟ್ರಿ ಹೇಳಿದವನು ನಾನು, ಡಾಕ್ಟರಲ್ಲ. ಆದರೆ ಡಬ್ಬಿಯ ಮೇಲಿನ ಹೆಸರುಗಳು ನನಗೆ ಹಳೆಯ ಪರಿಚಯದವು. "ಓದಿ ಹೇಳತೀನಿ ಕಾಕಾ, ಅಲ್ಲೀತನಕ ಮುಚ್ಚಳ ತಗೀಬ್ಯಾಡ್ರಿ" ಅಂದು ಎದ್ದು ಬಂದೆ. ಆಮೇಲೆ ನಾಲ್ಕೈದು ಸಂಜೆ ಅವರ ಕಟ್ಟೆಯ ಮೇಲೆ ಕೂತು ಹೇಳಿದ್ದು ಇದು. ಬರೆಯುವಾಗ ಒಂದಿಷ್ಟು ಸೇರಿಸಿದ್ದೇನೆ.

ಮೊದಲು 'ನರ' ಎಂಬ ಮಾತಿನ ಗೊಂದಲ ಬಿಡಿಸಬೇಕು. ನಮ್ಮ ಆಡುಮಾತಿನಲ್ಲಿ ಚುರುಕ್ ಎನ್ನುವುದೂ ನರ, ರಕ್ತ ಹರಿಯುವುದೂ ನರ. ರಕ್ತದ ನರದಲ್ಲಿ ಮತ್ತೆ ಎರಡು ಜಾತಿ. ಹೃದಯದಿಂದ ರಕ್ತವನ್ನು ಒತ್ತಡದಲ್ಲಿ ಹೊತ್ತೊಯ್ಯುವುದು ಅಪಧಮನಿ, ಮೈಯಿಂದ ಹೃದಯಕ್ಕೆ ಸಾವಕಾಶ ವಾಪಸು ತರುವುದು ಅಭಿಧಮನಿ. ಬೈಪಾಸ್ ಎಂದರೆ ಹೃದಯದ ಕಟ್ಟಿಕೊಂಡ ಅಪಧಮನಿಯನ್ನು ದಾಟಿಸಿ ರಕ್ತ ಹರಿಸಲು ಬೇರೊಂದು ನರ ಹಚ್ಚುವುದು. ಅದಕ್ಕೆಂದು ಕಾಕಾರ ಕಾಲಿನಿಂದ ತೆಗೆದದ್ದು ಅಭಿಧಮನಿ. ಅದನ್ನು ಎದೆಯಲ್ಲಿ ಹಚ್ಚಿದ್ದು ಅಪಧಮನಿಯ ಕೆಲಸಕ್ಕೆ. ಮುಂದಿನ ಎಲ್ಲ ಫಜೀತಿಗೂ ಮೂಲ ಈ ಕೆಲಸ ಬದಲಾವಣೆ.

ಈ ಉಪಾಯ ತೀರಾ ಹೊಸದಲ್ಲ. 1948ರಲ್ಲಿ ಪ್ಯಾರಿಸ್ಸಿನ ಜೀನ್ ಕುನ್ಲಿನ್, ಕಾಲಿನ ಕಟ್ಟಿಕೊಂಡ ಅಪಧಮನಿಯನ್ನು ದಾಟಿಸಲು ಅದೇ ಕಾಲಿನ ಅಭಿಧಮನಿಯನ್ನು ಬಳಸಿದರು. ಹೃದಯಕ್ಕೆ ಇದನ್ನು ಒಗ್ಗಿಸಿದವರು ಅರ್ಜೆಂಟೀನಾದಿಂದ ಅಮೆರಿಕದ ಕ್ಲೀವ್‌ಲ್ಯಾಂಡಿಗೆ ಹೋಗಿದ್ದ ರೆನೆ ಫವಲೋರೊ, 1967ರಲ್ಲಿ. ಕಣಕಾಲಿನಿಂದ ತೊಡೆಯ ಸಂದಿನವರೆಗೆ ಒಳಮಗ್ಗುಲಲ್ಲಿ ಓಡುವ ಈ ಅಭಿಧಮನಿ ಮೈಯಲ್ಲೇ ಎಲ್ಲಕ್ಕಿಂತ ಉದ್ದದ್ದು. ಅದರೊಳಗೆ ಅಲ್ಲಲ್ಲಿ ಕವಾಟಗಳಿವೆ. ಬಾವಿಯ ಮೋಟರಿನ ಫುಟ್‌ವಾಲ್ವ್ ನೋಡಿದವರಿಗೆ ಬೇರೆ ವಿವರಣೆ ಬೇಡ: ನೀರು ಮೇಲಕ್ಕೆ ಹೋಗಬಹುದು, ಕೆಳಕ್ಕೆ ಇಳಿಯುವಂತಿಲ್ಲ. ಹಾಗಾಗಿ ಸರ್ಜನ್ನರು ತೆಗೆದ ನರವನ್ನು ತಲೆಕೆಳಗು ಮಾಡಿ ಹೊಲಿಯುತ್ತಾರೆ, ಇಲ್ಲವಾದರೆ ಕವಾಟಗಳೇ ರಕ್ತಕ್ಕೆ ಅಡ್ಡ ನಿಲ್ಲುತ್ತವೆ. ಇದನ್ನು ಕೇಳಿ ಕಾಕಾರಿಗೆ ಬಹಳ ಖುಷಿಯಾಯಿತು. ತಮ್ಮ ಎದೆಯಲ್ಲಿ ಫುಟ್‌ವಾಲ್ವ್ ಐತಿ ಎಂದು ಬಂದವರಿಗೆಲ್ಲ ಹೇಳತೊಡಗಿದರು.

ಇನ್ನು ಒತ್ತಡ. ಮಲಗಿದ್ದಾಗ ಅಭಿಧಮನಿಯೊಳಗಿನ ಒತ್ತಡ ಪಾದರಸದ ಅಳತೆಯಲ್ಲಿ ಹತ್ತರ ಆಸುಪಾಸು. ಅಪಧಮನಿಯಲ್ಲಿ 120. ಅದೂ ಒಂದೇ ಸಮನೆ ಅಲ್ಲ, ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ. ಕಬ್ಬಿಗೆ ಹಾಸಿದ ತೆಳ್ಳನೆಯ ಡ್ರಿಪ್ ಪೈಪನ್ನು ತಂದು ನೇರ ಹತ್ತು ಎಚ್‌ಪಿ ಮೋಟರಿಗೆ ಕಟ್ಟಿದ ಹಾಗೆ.

ಪೈಪಿನ ಹೋಲಿಕೆ ಇಲ್ಲಿಗೆ ಮುಗಿಯಿತು. ಪೈಪು ಒಡೆಯುತ್ತದೆ ಇಲ್ಲವೇ ತಡೆಯುತ್ತದೆ, ಅಷ್ಟೇ. ನರಕ್ಕೆ ಜೀವವಿದೆ. ಮೈಮೇಲೆ ಬಿದ್ದ ಭಾರಕ್ಕೆ ಅದು ಉತ್ತರ ಕೊಡುತ್ತದೆ. ನೊಗ ಹೊತ್ತ ಎತ್ತಿನ ಹೆಗಲು ಜಡ್ಡುಗಟ್ಟುವುದಿಲ್ಲವೇ, ಹಾಗೆ ನರದ ಗೋಡೆಯೂ ಜಡ್ಡುಗಟ್ಟುತ್ತದೆ. ಎತ್ತಿಗೆ ಅದರಿಂದ ಉಪಕಾರವೇ, ಜಡ್ಡು ಹೊರಗೆ ಬೆಳೆಯುತ್ತದೆ. ನರದಲ್ಲಿ ಅದು ಒಳಗೆ ಬೆಳೆದು ರಕ್ತದ ದಾರಿಯನ್ನೇ ಕಿರಿದು ಮಾಡುತ್ತದೆ. ನಮ್ಮ ಕಡೆ ಜಡ್ಡು ಎಂದರೆ ಬೇನೆಯೂ ಹೌದು. ಇಲ್ಲಿ ಎರಡೂ ಅರ್ಥ ಒಂದೇ ಜಾಗದಲ್ಲಿ ಕೂಡುತ್ತವೆ.

ಇದು ನಡೆಯುವ ಬಗೆ ಹೀಗೆ. ನರದ ಒಳಮೈಗೆ ಒಂದೇ ಒಂದು ಕೋಶದಷ್ಟು ದಪ್ಪದ ಪೊರೆ ಇರುತ್ತದೆ. ನರವನ್ನು ಬಿಡಿಸಿ ತೆಗೆಯುವಾಗ, ಸೋರುತ್ತದೆಯೇ ನೋಡಲು ಸಿರಿಂಜಿನಿಂದ ಉಬ್ಬಿಸುವಾಗ, ಹೊಲಿಯುವ ತನಕ ದ್ರಾವಣದಲ್ಲಿ ಇಟ್ಟಾಗ ಆ ಪೊರೆ ಅಲ್ಲಲ್ಲಿ ಕಿತ್ತುಹೋಗುತ್ತದೆ. ಬರಿದಾದ ಜಾಗಕ್ಕೆ ರಕ್ತದ ಪ್ಲೇಟ್‌ಲೆಟ್‌ಗಳು ಬಂದು ಅಂಟುತ್ತವೆ. ಮೊದಲ ತಿಂಗಳಲ್ಲಿ ನರ ಕಟ್ಟಿಕೊಂಡರೆ ಹೆಚ್ಚಾಗಿ ಹೀಗೆ ಹೆಪ್ಪುಗಟ್ಟಿ. ಆಮೇಲೆ ಗೋಡೆಯ ನಡುಪದರದಲ್ಲಿರುವ ಸ್ನಾಯುಕೋಶಗಳು ಎಚ್ಚರಾಗಿ, ಒಂದು ಎರಡಾಗಿ ಎರಡು ನಾಲ್ಕಾಗಿ ಒಳಕ್ಕೆ ಸರಿದು ಬಂದು ಜಡ್ಡು ಕಟ್ಟುತ್ತವೆ. ಇದು ತಿಂಗಳುಗಟ್ಟಲೆ ನಡೆಯುವ ಕೆಲಸ. ಆ ಜಡ್ಡಿನ ಮೇಲೆ ವರ್ಷಗಳು ಕಳೆದಂತೆ ಕೊಲೆಸ್ಟ್ರಾಲ್ ಕೂರುತ್ತದೆ.

ಅಂದರೆ ಅಳಿಯ ಹೇಳಿದ 'ಲಗೂನ ಮಾಯತೈತಿ' ಎಂಬ ಮಾತಿನೊಳಗೇ ತೊಡಕಿದೆ. ಹಚ್ಚಿದ ನರಕ್ಕೆ ಬೇಕಾದ ಮಾಯುವಿಕೆ ಎಂದರೆ ಒಳಪೊರೆ ಬೇಗ ಮತ್ತೆ ಹಾಸಿಕೊಳ್ಳುವುದು, ಸ್ನಾಯುಕೋಶಗಳು ತೆಪ್ಪಗೆ ಕೂರುವುದು. ಎದೆಯ ಎಲುಬು, ಕಾಲಿನ ಹೊಲಿಗೆ ಮಾಯುವುದಕ್ಕೆ ಕೋಶಗಳು ಬೆಳೆಯಬೇಕು. ನರದಲ್ಲಿ ಬಹುಪಾಲು ಬೆಳೆಯಬಾರದು. ಒಂದೇ ಮೈಯಲ್ಲಿ, ಒಂದೇ ವಾರದಲ್ಲಿ, ಒಂದು ಕಡೆ ಬೆಳೆ ಎನ್ನಬೇಕು, ಇನ್ನೊಂದು ಕಡೆ ಬೆಳೆಯಬೇಡ ಎನ್ನಬೇಕು. ಹೊಟ್ಟೆಗೆ ಹಾಕಿದ ಪುಡಿಗೆ ಇದು ಹೇಗೆ ತಿಳಿದೀತು?

ಈ ಜಡ್ಡು ಎಷ್ಟು ಮಂದಿಗೆ ತೊಂದರೆ ಕೊಡುತ್ತದೆ ಎಂಬುದಕ್ಕೆ 2005ರ ಒಂದು ದೊಡ್ಡ ಪ್ರಯೋಗದ ಲೆಕ್ಕವಿದೆ. 'ಪ್ರಿವೆಂಟ್-4' ಎಂದು ಅದರ ಹೆಸರು, ಮೂರು ಸಾವಿರದಷ್ಟು ಬೈಪಾಸ್ ರೋಗಿಗಳು. ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಆಂಜಿಯೋಗ್ರಾಂ ಮಾಡಿ ನೋಡಿದರೆ ನೂರಕ್ಕೆ ನಲವತ್ತೈದರಷ್ಟು ಮಂದಿಗೆ ಹಚ್ಚಿದ ಕಾಲಿನ ನರಗಳಲ್ಲಿ ಕನಿಷ್ಠ ಒಂದಾದರೂ ಮುಕ್ಕಾಲು ಪಾಲೋ ಅದಕ್ಕಿಂತ ಹೆಚ್ಚೋ ಕಟ್ಟಿಕೊಂಡಿತ್ತು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಒಬ್ಬರಿಗೆ ಎರಡು ಮೂರು ನರ ಹಚ್ಚಿರುತ್ತಾರೆ, ಅವುಗಳಲ್ಲಿ ಒಂದು ಎಂದು ಓದಿಕೊಳ್ಳಬೇಕು. ಎದೆಗೂಡಿನ ಒಳಗೋಡೆಯಿಂದ ಇಳಿಸಿ ಹಚ್ಚುವ ಅಪಧಮನಿ ಇದಕ್ಕಿಂತ ಎಷ್ಟೋ ಗಟ್ಟಿ, ಹತ್ತು ವರ್ಷದ ಮೇಲೂ ನೂರರಲ್ಲಿ ತೊಂಬತ್ತರಷ್ಟು ತೆರೆದಿರುತ್ತವೆ. ಹುಟ್ಟಿನಿಂದ ಒತ್ತಡ ಉಂಡೇ ಬೆಳೆದದ್ದು ಅದು. ಅಂದ ಹಾಗೆ ಆ ಪ್ರಯೋಗ ನಡೆದದ್ದೇ ಸ್ನಾಯುಕೋಶಗಳ ಬೆಳವಣಿಗೆ ತಡೆಯುವ ಒಂದು ಔಷಧಿಯನ್ನು ಪರೀಕ್ಷಿಸಲು. ಮೊಲಗಳಲ್ಲಿ ಅದು ಭರವಸೆ ಹುಟ್ಟಿಸಿತ್ತು. ಮನುಷ್ಯರಲ್ಲಿ ಔಷಧಿ ಸವರಿದ ನರಕ್ಕೂ ಸವರದ ನರಕ್ಕೂ ವ್ಯತ್ಯಾಸ ಕಾಣಲಿಲ್ಲ. ಮುಂದೆ ಮತ್ತೆ ಮೊಲ ಬರುತ್ತದೆ, ಇದು ನೆನಪಿರಲಿ.

ಈಗ ಡಬ್ಬಿಗೆ ಬರೋಣ. ಪ್ರೋಟೀನ್ ಎಂದರೆ ಬೋರಮಾಳ ಸರ, ಅಮೈನೋ ಆಮ್ಲಗಳು ಅದರ ಗುಂಡುಗಳು. ಇಪ್ಪತ್ತು ಬಗೆಯ ಗುಂಡು, ಪೋಣಿಸುವ ಕ್ರಮ ಬದಲಾದರೆ ಬೇರೆ ಬೇರೆ ಸರ. ಇಷ್ಟನ್ನು ಶಾಲೆಯ ಪುಸ್ತಕವೇ ಹೇಳುತ್ತದೆ. ಅದು ಹೇಳದ ಮಾತೊಂದಿದೆ: ಕೆಲವು ಗುಂಡುಗಳಿಂದ ಮೈ ಗ್ಯಾಸು ತಯಾರಿಸುತ್ತದೆ. ಅದೂ ಎಂಥ ಗ್ಯಾಸು! ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಹುಡುಗರು ಮೂಗು ಮುಚ್ಚಿಕೊಂಡು ಓಡುತ್ತಿದ್ದ ಎರಡು ಗ್ಯಾಸುಗಳೇ.

ಮೊದಲನೆಯದು ನೈಟ್ರಿಕ್ ಆಕ್ಸೈಡ್. ತಾಮ್ರದ ಚೂರಿನ ಮೇಲೆ ನೈಟ್ರಿಕ್ ಆಮ್ಲ ಸುರಿದರೆ ಏಳುತ್ತದೆ, ಗಾಳಿ ತಾಕಿದ್ದೇ ಕಂದು ಹೊಗೆಯಾಗುತ್ತದೆ. 1980ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಣುಕುಗಳ ಮೇಲೆ ಕೆಲಸ ಮಾಡುತ್ತಿದ್ದರು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ಕೆಲವು ತುಣುಕು ಸಡಿಲಾಗುತ್ತಿದ್ದವು, ಕೆಲವು ಬಿಗಿಯುತ್ತಿದ್ದವು. ಕಾರಣ ಹುಡುಕಿದರೆ, ಬಿಗಿಯುತ್ತಿದ್ದ ತುಣುಕುಗಳ ಒಳಪೊರೆ ಕೈಯಾಡಿಸುವಾಗ ಉಜ್ಜಿಹೋಗಿತ್ತು. ಅಂದರೆ ಸಡಿಲಾಗು ಎಂಬ ಸುದ್ದಿ ಬರುತ್ತಿದ್ದದ್ದು ಆ ಪೊರೆಯಿಂದ. ಆ ಸುದ್ದಿ ಹೊತ್ತೊಯ್ಯುವುದು ನೈಟ್ರಿಕ್ ಆಕ್ಸೈಡ್ ಎಂದು 1987ರಲ್ಲಿ ಗೊತ್ತಾಯಿತು. ಅದನ್ನು ಪೊರೆಯ ಕೋಶಗಳು ಆರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ಮಾಡುತ್ತವೆ ಎಂದು ಮರುವರ್ಷ. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ ನೊಬೆಲ್ ಬಂತು. ಎದೆ ಹಿಡಿದಾಗ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಗುಳಿಗೆ ಕೆಲಸ ಮಾಡುವುದೂ ಇದೇ ಗ್ಯಾಸಿನ ಮೂಲಕ.

ಕೆಲವೇ ಸೆಕೆಂಡು ಬದುಕುವ ಈ ಗ್ಯಾಸು ನರವನ್ನು ಸಡಿಲಿಸುತ್ತದೆ, ಪ್ಲೇಟ್‌ಲೆಟ್ ಅಂಟದಂತೆ ನೋಡಿಕೊಳ್ಳುತ್ತದೆ, ಸ್ನಾಯುಕೋಶಗಳಿಗೆ 'ಸುಮ್ಮನಿರು' ಎನ್ನುತ್ತದೆ. ಹಚ್ಚಿದ ನರಕ್ಕೆ ಬೇಕಾದದ್ದು ಸರಿಯಾಗಿ ಇವೇ. ಹಾಗಾದರೆ ಆರ್ಜಿನಿನ್ ಹೆಚ್ಚು ತಿಂದರೆ ಗ್ಯಾಸು ಹೆಚ್ಚಿ, ಜಡ್ಡು ಕಡಿಮೆಯಾಗಬೇಕಲ್ಲ? ಯಾರಿಗಾದರೂ ಬರುವ ಯೋಚನೆ, ವಿಜ್ಞಾನಿಗಳಿಗೂ ಬಂತು. 1994ರಲ್ಲಿ ಮೊಲಗಳಿಗೆ ನರ ಕಸಿ ಮಾಡಿ ಆರ್ಜಿನಿನ್ ಕೊಟ್ಟು ನೋಡಿದರು. ಜಡ್ಡು ನಿಜಕ್ಕೂ ಕಡಿಮೆಯಾಗಿತ್ತು, ನರ ಸಡಿಲಾಗುವ ಗುಣವೂ ಉಳಿದಿತ್ತು. ಅಳಿಯನ ಮಾತಿಗೆ ಆಧಾರವೇ ಇಲ್ಲ ಎನ್ನುವಂತಿಲ್ಲ.

ಆದರೆ ಮನುಷ್ಯರ ಕಥೆ ಬೇರೆಯೇ ಆಯಿತು. ಮೊದಲ ಸಲ ಹೃದಯಾಘಾತವಾದ 153 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಆರ್ಜಿನಿನ್, ಉಳಿದವರಿಗೆ ಹುಸಿ ಪುಡಿ ಕೊಟ್ಟ ಅಮೆರಿಕದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಹೃದಯದ ಕಸುವು ಹೆಚ್ಚಲಿಲ್ಲ. ಆರ್ಜಿನಿನ್ ತಿಂದವರಲ್ಲಿ ಆರು ಮಂದಿ ತೀರಿಕೊಂಡರು, ಹುಸಿ ಪುಡಿಯವರಲ್ಲಿ ಒಬ್ಬರೂ ಇಲ್ಲ. ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಮರುವರ್ಷ ಇನ್ನೊಂದು: ಕಾಲಿನ ಅಪಧಮನಿ ಕಟ್ಟಿ ನಡೆದರೆ ಮೀನಖಂಡ ನೋಯುವ 133 ಮಂದಿಗೆ ಆರು ತಿಂಗಳು, ದಿನಕ್ಕೆ ಮೂರು ಗ್ರಾಂ. ಆರ್ಜಿನಿನ್ ತಿಂದವರಿಗಿಂತ ಹುಸಿ ಪುಡಿ ತಿಂದವರ ನಡಿಗೆಯೇ ಹೆಚ್ಚು ಸುಧಾರಿಸಿತ್ತು. ಇವೆರಡೂ ಬೈಪಾಸ್ ನರದ ಮೇಲಿನ ಪ್ರಯೋಗಗಳಲ್ಲ, ಸಣ್ಣವು ಬೇರೆ. ಆರು ಸಾವಿನಿಂದ ಆರ್ಜಿನಿನ್ ವಿಷವೆಂದು ಸಾಧಿಸಲೂ ಆಗದು. ಆದರೆ ಕಾಕಾರಂಥ ಎದೆಯವರಿಗೆ 'ತಿಂದರೇನು ನಷ್ಟ' ಎನ್ನುವ ಮಾತು ನನ್ನ ಬಾಯಿಗೆ ಬಾರದಂತೆ ಮಾಡಿದ್ದು ಇವೇ.

ಮೊಲದಲ್ಲಿ ಆದದ್ದು ಮನುಷ್ಯರಲ್ಲಿ ಯಾಕೆ ಆಗಲಿಲ್ಲ? ನನಗೆ ಇದನ್ನು ತಿಳಿಸಿಕೊಟ್ಟದ್ದು ನಮ್ಮ ಲ್ಯಾಬಿನ ಕಿಪ್ಸ್ ಉಪಕರಣ. ಸಾಲ್ಟ್ ಅನಾಲಿಸಿಸ್ ಮಾಡಿದವರು ಮರೆತಿರಲಾರರು. ಒಂದರ ಮೇಲೊಂದು ಮೂರು ಗಾಜಿನ ಬುರುಡೆ, ನಡುವಿನದರಲ್ಲಿ ಕಬ್ಬಿಣದ ಸಲ್ಫೈಡಿನ ಕರಿ ತುಂಡುಗಳು, ಮೇಲಿನಿಂದ ಆಮ್ಲ. ತಿರುಪು ತೆರೆದರೆ ಗ್ಯಾಸು ಬರುತ್ತದೆ. ಮುಚ್ಚಿದರೆ ಒಳಗೆ ತುಂಬಿದ ಗ್ಯಾಸೇ ಆಮ್ಲವನ್ನು ಕೆಳಕ್ಕೆ ಒತ್ತಿ ಕೆಲಸ ನಿಲ್ಲಿಸುತ್ತದೆ. ಹೊಸ ಹುಡುಗರು ಗ್ಯಾಸು ಬರಲಿಲ್ಲವೆಂದು ಮೇಲಿನಿಂದ ಮತ್ತಷ್ಟು ಆಮ್ಲ ಸುರಿಯುತ್ತಿದ್ದರು. ಎಷ್ಟು ಸುರಿದರೂ ಅಷ್ಟೇ. ತೆರೆಯಬೇಕಾದದ್ದು ತಿರುಪು.

ಪೊರೆಯ ಕೋಶದಲ್ಲೂ ಹಾಗೇ. ಆರ್ಜಿನಿನ್ನಿನಿಂದ ಗ್ಯಾಸು ಮಾಡುವ ಕಿಣ್ವಕ್ಕೆ ಬೇಕಾದದ್ದಕ್ಕಿಂತ ಹತ್ತಾರು ಪಟ್ಟು ಆರ್ಜಿನಿನ್ ಊಟ ಸರಿಯಿದ್ದವರ ರಕ್ತದಲ್ಲಿ ಯಾವಾಗಲೂ ಇರುತ್ತದೆ. ಕೊರತೆ ಕಚ್ಚಾ ಮಾಲಿನದಲ್ಲ. ಸಿಗರೇಟು, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲುಗಳಿಂದ ಕಿಣ್ವವೇ ಕೆಟ್ಟು ಕೂತಿರುತ್ತದೆ. ಕೆಟ್ಟ ಕಿಣ್ವ ನೈಟ್ರಿಕ್ ಆಕ್ಸೈಡ್ ಮಾಡುವ ಬದಲು ನರಕ್ಕೇ ಹಾನಿ ಮಾಡುವ ಆಕ್ಸಿಜನ್ ಕಣಗಳನ್ನು ಉಗುಳುವುದೂ ಉಂಟು. ಮೇಲಾಗಿ ಆರ್ಜಿನಿನ್‌ಗೆ ಮೈಯಲ್ಲಿ ಇನ್ನೊಂದು ದಾರಿಯಿದೆ. ಆರ್ಜಿನೇಸ್ ಎಂಬ ಬೇರೆ ಕಿಣ್ವ ಅದನ್ನು ಆರ್ನಿಥಿನ್ ಮಾಡುತ್ತದೆ, ಅದರಿಂದ ಕೋಶ ಬೆಳೆಯಲು ಬೇಕಾದ ಪದಾರ್ಥಗಳೂ ಕಲೆಗಟ್ಟುವ ಕೊಲಾಜನ್ನಿನ ಗುಂಡುಗಳೂ ತಯಾರಾಗುತ್ತವೆ. ಜಡ್ಡನ್ನು ತಡೆಯುವವನಿಗೂ ಕಟ್ಟುವವನಿಗೂ ಒಂದೇ ಅಂಗಡಿಯ ಸಾಮಾನು! ಬಾಯಿಂದ ತಿಂದದ್ದರಲ್ಲಿ ದೊಡ್ಡ ಪಾಲು ಕರುಳು ಮತ್ತು ಯಕೃತ್ತಿನಲ್ಲೇ ಈ ಎರಡನೇ ದಾರಿ ಹಿಡಿಯುತ್ತದೆ. ಇದನ್ನು ತಪ್ಪಿಸಲು ಕೆಲವರು ಸಿಟ್ರುಲಿನ್ ಮಾರುತ್ತಾರೆ. ಕಲ್ಲಂಗಡಿಯಲ್ಲಿ ಮೊದಲು ಸಿಕ್ಕ ಅಮೈನೋ ಆಮ್ಲ ಅದು, ಯಕೃತ್ತನ್ನು ದಾಟಿ ಮೂತ್ರಪಿಂಡದಲ್ಲಿ ಆರ್ಜಿನಿನ್ ಆಗುತ್ತದೆ. ಆಮ್ಲ ಸುರಿಯುವ ಜಾಣ ದಾರಿ, ಆದರೆ ತಿರುಪು ಇನ್ನೂ ಮುಚ್ಚಿಯೇ ಇದೆ.

ಎರಡನೇ ಗ್ಯಾಸು ಕಿಪ್ಸ್ ಉಪಕರಣದ್ದೇ: ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್. ಗಂಧಕವಿರುವ ಅಮೈನೋ ಆಮ್ಲವಾದ ಸಿಸ್ಟೀನ್‌ನಿಂದ ನಮ್ಮ ರಕ್ತನಾಳಗಳೂ ಇದನ್ನು ಅತಿ ಸ್ವಲ್ಪ ಮಾಡಿಕೊಳ್ಳುತ್ತವೆ, ನರಕ್ಕೆ ಇದೂ ಒಳ್ಳೆಯದೇ ಮಾಡುತ್ತದೆ. 2020ರಲ್ಲಿ ಬೋಸ್ಟನ್ನಿನ ಸಂಶೋಧಕರು ಪ್ರಕಟಿಸಿದ ಕೆಲಸ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇಲಿಗಳಿಗೆ ನರ ಕಸಿ ಮಾಡುವ ಮೊದಲು ಒಂದು ವಾರ ಅವರು ಪ್ರೋಟೀನ್ ಹೆಚ್ಚಿಸಲಿಲ್ಲ, ಕಡಿಮೆ ಮಾಡಿದರು. ಆ ಇಲಿಗಳ ನರದಲ್ಲಿ ಜಡ್ಡು ಕಡಿಮೆಯಿತ್ತು. ಪ್ರೋಟೀನ್ ಕಡಿಮೆಯಾದಾಗ ಈ ಗ್ಯಾಸು ಮಾಡುವ ಕಿಣ್ವ ಚುರುಕಾಗುತ್ತದೆ, ಅದರಿಂದಲೇ ಈ ಲಾಭ ಎಂದು ತೋರಿಸಿದರು. ಕಚ್ಚಾ ಮಾಲು ತಗ್ಗಿಸಿದರೆ ತಿರುಪು ತೆರೆಯಿತು, ಲೆಕ್ಕವೇ ತಿರುವುಮುರುವು.

"ಹಂಗಾರ ನಾ ಮೊದಲ ಉಪಾಸ ಮಾಡಬೇಕಿತ್ತೇನ್ರಿ?" ಕಾಕಾ ಕೇಳಿದರು.

ಇಲ್ಲ ಕಾಕಾ, ಇಲಿಯ ಮಾತು ಇಲಿಗೆ. ಮೊಲದ ಮಾತು ಹೇಳಿ ಪುಡಿ ಮಾರುವವರನ್ನು ನಂಬಬೇಡಿ ಎಂದವನು ನಾನು, ಇಲಿಯ ಮಾತನ್ನು ನಂಬಿಸಬಾರದು. ಅರವತ್ತು ಎಪ್ಪತ್ತು ದಾಟಿ ಸೊರಗಿದ ರೋಗಿ ಆಪರೇಷನ್ನಿಗೆ ಮುಂಚೆ ತನ್ನ ಬುದ್ಧಿಯಿಂದ ಊಟ ಬಿಟ್ಟರೆ ಗಾಯ ಮಾಯುವುದು ತಡವಾಗುತ್ತದೆ, ಸೋಂಕಿಗೂ ದಾರಿ.

ಡಬ್ಬಿಯ ಮುಖ್ಯ ಹುರಿಯಾಳು ಲ್ಯೂಸಿನ್ ಬಗ್ಗೆಯೂ ಒಂದು ಮಾತು. ಸ್ನಾಯು ಬೆಳೆಯಲಿ ಎಂದು ಅದನ್ನು ಹಾಕುತ್ತಾರೆ, ಅದು ಕೋಶದೊಳಗಿನ ಎಂಟಾರ್ ಎಂಬ ಬೆಳವಣಿಗೆಯ ಸ್ವಿಚ್ಚನ್ನು ಒತ್ತುತ್ತದೆ. ಇತ್ತ ಹೃದಯಕ್ಕೆ ಹಾಕುವ ಔಷಧಿ ಲೇಪಿತ ಸ್ಟೆಂಟುಗಳ ಮೇಲಿನ ಸಿರೊಲಿಮಸ್ ಜಾತಿಯ ಔಷಧಿಗಳು ಅದೇ ಸ್ವಿಚ್ಚನ್ನು ಆರಿಸುತ್ತವೆ, ಸ್ಟೆಂಟಿನೊಳಗೆ ಜಡ್ಡು ಬೆಳೆಯದಿರಲಿ ಎಂದು. ಲ್ಯೂಸಿನ್ ತಿಂದರೆ ನರ ಕಟ್ಟುತ್ತದೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ, ಬೇಳೆಯಲ್ಲೂ ಹಾಲಿನಲ್ಲೂ ಲ್ಯೂಸಿನ್ ಇದೆ. ಆದರೂ ಒಂದು ಕೈಯಿಂದ ಡಾಕ್ಟರು ಆರಿಸುವುದನ್ನು ಇನ್ನೊಂದು ಕೈಯಿಂದ ಡಬ್ಬಿ ಹಚ್ಚುತ್ತದೆ ಎಂಬುದು ನನಗೆ ವಿಚಿತ್ರವಾಗಿ ಕಂಡಿತು.

ಹಾಗೆಂದು ಪ್ರೋಟೀನ್ ಬೇಡವೇ? ಬೇಕೇ ಬೇಕು. ಸೀಳಿ ತಂತಿಯಿಂದ ಬಿಗಿದ ಎದೆಯ ಎಲುಬು ಕೂಡಿಕೊಳ್ಳಲು ಎರಡು ತಿಂಗಳಾದರೂ ಹಿಡಿಯುತ್ತದೆ, ಕಾಲಿನ ಉದ್ದ ಹೊಲಿಗೆ ಬೇರೆ. ಆರೋಗ್ಯವಂತರಿಗೇ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ನಮ್ಮ ದೇಶದ ಪೋಷಣಾ ಸಂಸ್ಥೆಯ ಲೆಕ್ಕ, ದೊಡ್ಡ ಆಪರೇಷನ್ ಆದವರಿಗೆ ಇನ್ನೂ ಹೆಚ್ಚು. ಕಾಕಾರ ತಾಟಿನಲ್ಲಿ ಏನಿತ್ತು? ಹೊಲಿಗೆ ನಂಜಾದೀತೆಂದು ಕಾಕೂ ಬೇಳೆ ಬಿಡಿಸಿದ್ದರು, ಶೇಂಗಾ ಬಿಡಿಸಿದ್ದರು, ತತ್ತಿಯ ಹೆಸರೇ ಇಲ್ಲ. ಮೂರು ಹೊತ್ತೂ ಗಂಜಿ, ಅನ್ನ, ತಿಳಿ ಸಾರು. ಇತ್ತ ತಾಟಿನಿಂದ ಪ್ರೋಟೀನ್ ಕಿತ್ತುಕೊಂಡು ಅತ್ತ ಡಬ್ಬಿಯಲ್ಲಿ ಸಾವಿರಗಟ್ಟಲೆ ಕೊಟ್ಟು ತರಿಸುವುದು! ನೂರು ಗ್ರಾಂ ಶೇಂಗಾದಲ್ಲಿ 25 ಗ್ರಾಂನಷ್ಟು ಪ್ರೋಟೀನ್ ಇದೆ, ಅದರಲ್ಲಿ ಆರ್ಜಿನಿನ್ನೇ ಮೂರು ಗ್ರಾಂ ಹತ್ತಿರ. ಜೋಳದಲ್ಲಿ ಲೈಸಿನ್ ಕಡಿಮೆ, ತೊಗರಿಬೇಳೆಯಲ್ಲಿ ಅದು ಸಾಕಷ್ಟು. ಬಿಸಿ ರೊಟ್ಟಿ, ಬೇಳೆ ಪಲ್ಯ, ಮಡಕಿ ಕಾಳು, ಮೇಲೆ ಗಟ್ಟಿ ಮೊಸರು, ಚೂರು ಶೇಂಗಾ ಹಿಂಡಿ. ಉಪ್ಪೊಂದನ್ನು ಹಿಡಿದು ಹಾಕಿದರೆ ನಮ್ಮ ತಾಟಿನಲ್ಲೇ ಇಪ್ಪತ್ತೂ ಗುಂಡುಗಳಿವೆ. ಕಾಕೂ ನನ್ನ ಮೇಲೆ ಸ್ವಲ್ಪ ಸಿಟ್ಟಾದರು, ಮರುದಿನದಿಂದ ಬೇಳೆ ಶುರುವಾಯಿತು.

ತಿರುಪು ತೆರೆಯುವವು ಯಾವುವು ಎಂಬುದು ಗೊತ್ತಿರುವ ಸಂಗತಿಯೇ. ನಡಿಗೆ ಒಂದು: ರಕ್ತ ಜೋರಾಗಿ ಹರಿದು ಒಳಪೊರೆಯನ್ನು ಸವರಿದರೆ ಆ ಗ್ಯಾಸಿನ ಕಿಣ್ವ ಎಚ್ಚರಾಗುತ್ತದೆ. ಕೊಲೆಸ್ಟ್ರಾಲಿಗೆ ಕೊಡುವ ಸ್ಟಾಟಿನ್ ಗುಳಿಗೆಯೂ ಅದೇ ಕಿಣ್ವವನ್ನು ಹೆಚ್ಚಿಸುತ್ತದೆ. ಬೈಪಾಸ್ ಆದ 1351 ಮಂದಿಯ ಮೇಲೆ ನಡೆದು 1997ರಲ್ಲಿ ಬಂದ ಪ್ರಯೋಗದಲ್ಲಿ, ಕೊಲೆಸ್ಟ್ರಾಲನ್ನು ಬಿಗಿಯಾಗಿ ಇಳಿಸಿದವರಲ್ಲಿ ನೂರಕ್ಕೆ 27 ನರಗಳಲ್ಲಿ ಕಾಯಿಲೆ ಮುಂದುವರಿದಿತ್ತು, ಸಡಿಲ ಬಿಟ್ಟವರಲ್ಲಿ 39. ಮೊಲವಲ್ಲ, ಇಲಿಯಲ್ಲ, ಮನುಷ್ಯರ ಹಚ್ಚಿದ ನರಗಳೇ. ತಂಬಾಕು ಬಿಡುವುದು ಎಲ್ಲಕ್ಕಿಂತ ಮೊದಲು. ತಂಬಾಕಿನ ಊರು ನಿಪ್ಪಾಣಿ ಇರುವ ಜಿಲ್ಲೆಯ ಪಕ್ಕದಲ್ಲಿ ಕೂತು ಇದನ್ನು ಹೇಳುವುದು ಸುಲಭವಲ್ಲ, ಕಾಕಾರು ಬೀಡಿ ಬಿಟ್ಟದ್ದೇ ಆಪರೇಷನ್ನಿನ ಹಿಂದಿನ ದಿನ. ಇನ್ನು ಪ್ಲೇಟ್‌ಲೆಟ್ ಅಂಟದಂತೆ ಮಾಡುವುದು ಆಸ್ಪಿರಿನ್.

ಆಸ್ಪಿರಿನ್ ಮಾತು ಬಂದಾಗ ಕಾಕಾ ಸುಮ್ಮನಾದರು. ಅನುಮಾನ ಬಂದು ಗುಳಿಗೆಯ ಚೀಲ ತೆಗೆಸಿದೆ. ಉಳಿದ ಪಟ್ಟಿಗಳೆಲ್ಲ ಅರ್ಧ ಖಾಲಿ, ಸಣ್ಣ ಆಸ್ಪಿರಿನ್ನಿನ ಪಟ್ಟಿಯಲ್ಲಿ ನಾಲ್ಕು ಮಾತ್ರ ಒಡೆದಿದ್ದವು. "ಹೊಟ್ಟ್ಯಾಗ ಉರೀತಿತ್ರಿ ಸರ. ಅಷ್ಟು ಸಣ್ಣ ಗುಳಿಗಿ ಏನ್ ಮಾಡತೈತಿ ಅಂತ ಬಿಟ್ಟಿದ್ಯಾ."

ಆವತ್ತೇ ಮಗನಿಂದ ಬೆಳಗಾವಿಗೆ ಫೋನ್ ಹಚ್ಚಿಸಿದೆವು. ಊಟ ಆದಮೇಲೆ ತಗೊಳ್ಳಲಿ, ಉರಿಗೆ ಇನ್ನೊಂದು ಗುಳಿಗೆ ಬರೆದು ಕಳಿಸುತ್ತೇನೆ, ಆದರೆ ಆಸ್ಪಿರಿನ್ ಇವತ್ತಿನಿಂದಲೇ ಶುರುವಾಗಬೇಕು ಎಂದರು ಡಾಕ್ಟರು. ಡಬ್ಬಿಯ ವಿಷಯ ಕೇಳಿದ್ದಕ್ಕೆ ಅವರು ಆರ್ಜಿನಿನ್, ಗ್ಲುಟಮಿನ್ ಏನನ್ನೂ ವಿಚಾರಿಸಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ರಕ್ತದ ಅಳತೆ) ಎಷ್ಟು ಬರೆದಿದೆ ಓದಿ ಹೇಳಿ ಎಂದರು. ಕನ್ನಡಕ ಹುಡುಕಿ ಓದಿದೆ: 1.7. "ಕಿಡ್ನಿ ಈಗಲೇ ದಣಿದೈತಿ, ಡಬ್ಬಿ ಬ್ಯಾಡ. ಮುಂದಿನ ವಾರ ಇನ್ನೊಮ್ಮೆ ರಕ್ತ ತಪಾಸಣೆ ಮಾಡಿಸಿಕೊಂಡು ಬರಲಿ" ಅಂದು ಫೋನ್ ಇಟ್ಟರು.